ಕ್ಯಾಟಲಿಟಿಕ್ ಕನ್ವರ್ಟರ್ ಬದಲಾವಣೆ ಮತ್ತು ಕಚ್ಚಿಕೊಂಡ ಬೋಲ್ಟುಗಳನ್ನು ಬಿಡಿಸುವ ಕ್ರಮ

ನಮ್ಮ ಸದಸ್ಯರಲ್ಲಿ ಬಹುಮಂದಿ ಎರಡರಿಂದ ಐದು ಎಕರೆಯ ಹಿಡುವಳಿದಾರರು. ಇವರ ಮನೆಗಳಲ್ಲಿ ಹೆಚ್ಚಾಗಿ ಇರುವುದು ಒಂದೇ ವಾಹನ, ಅದೂ ಹಲವು ಮಳೆಗಾಲಗಳನ್ನು ಕಂಡ ಪೆಟ್ರೋಲ್ ಕಾರು ಅಥವಾ ವ್ಯಾನು. ಗೊಬ್ಬರ ತರುವುದೂ ಅದರಲ್ಲೇ, ಅಡಿಕೆ ಮಂಡಿಗೆ ಹೋಗುವುದೂ ಅದರಲ್ಲೇ, ಅಪರಾತ್ರಿಯಲ್ಲಿ ಆಸ್ಪತ್ರೆಗೆ ಓಡುವುದೂ ಅದರಲ್ಲೇ. ಕೊಯ್ಲಿನ ಕಾಲದಲ್ಲಿ ಇಂಥ ವಾಹನ ಒಂದು ವಾರ ನಿಂತರೆ ಆಗುವ ತೊಂದರೆ ಏನೆಂದು ಬೆಳೆಗಾರ ಬಾಂಧವರಿಗೆ ನಾವು ಹೇಳಬೇಕಾಗಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಸಂಘದ ಕಛೇರಿಗೆ ಬರುವ ಸದಸ್ಯರು ಗೊಬ್ಬರ, ಔಷಧಿಗಳ ವಿಚಾರದ ಜೊತೆಗೆ ಈ ವಿಚಾರವನ್ನೂ ಕೇಳುತ್ತಿದ್ದಾರೆ: "ಗ್ಯಾರೇಜಿನವರು ಕನ್ವರ್ಟರ್ ಹೋಗಿದೆ ಅನ್ನುತ್ತಾರೆ. ಹೊಸದು ಹಾಕಿಸಲೋ, ತೆಗೆಸಿ ಬರೀ ಪೈಪು ಹಾಕಿಸಲೋ?" ಹಾಕಿಸಲು ಮನಸ್ಸು ಮಾಡಿದವರಿಗೆ ಎದುರಾಗುವುದು ಇನ್ನೊಂದು ತೊಡಕು. ತುಕ್ಕು ಹಿಡಿದ ಬೋಲ್ಟು ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಈ ಎರಡು ಪ್ರಶ್ನೆಗಳಿಗೂ ಉತ್ತರ ಕೊಡುವುದು ಈ ಲೇಖನದ ಉದ್ದೇಶ. ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಕನ್ವರ್ಟರ್ ತಾನಾಗಿ ಸಾಯುವುದು ಅಪರೂಪ. ಬೇರೆ ಯಾವುದೋ ದೋಷ ಅದನ್ನು ಕೊಲ್ಲುತ್ತದೆ. ಆ ದೋಷವನ್ನು ಸರಿಪಡಿಸದೆ ಹೊಸದನ್ನು ಕೂರಿಸಿದರೆ, ಬೇರುಹುಳು ತಿಂದ ಜಾಗದಲ್ಲಿ ಮಣ್ಣಿಗೆ ಉಪಚಾರ ಮಾಡದೆ ಹೊಸ ಗಿಡ ನೆಟ್ಟಂತೆ.

ಕನ್ವರ್ಟರ್ ಎಂದರೇನು?

ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಕೊಳವೆಯ ನಡುವೆ ಇರುವ ಉಬ್ಬಿದ ಉಕ್ಕಿನ ಡಬ್ಬಿಯೇ ಕ್ಯಾಟಲಿಟಿಕ್ ಕನ್ವರ್ಟರ್. ಅದರ ಒಳಗೆ ಪಿಂಗಾಣಿಯ ಜಾತಿಗೆ ಸೇರಿದ ಒಂದು ಇಟ್ಟಿಗೆ ಇದೆ. ಆ ಇಟ್ಟಿಗೆ ಜೇನುತಟ್ಟಿಯಂತೆ ಪೂರ್ತಿ ರಂಧ್ರಮಯ. ಸಾಮಾನ್ಯವಾಗಿ ಚದರ ಇಂಚಿಗೆ ಸುಮಾರು 400 ರಂಧ್ರಗಳು. ರಂಧ್ರಗಳ ಗೋಡೆಗೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳನ್ನು ಅತಿ ತೆಳುವಾಗಿ ಲೇಪಿಸಿರುತ್ತಾರೆ. ಕನ್ವರ್ಟರ್ ದುಬಾರಿಯಾಗಲು ಈ ಲೋಹಗಳೇ ಕಾರಣ.

ಎಂಜಿನ್ನಿನಿಂದ ಬರುವ ಹೊಗೆಯಲ್ಲಿ ಮೂರು ವಿಷಗಳಿವೆ: ಇಂಗಾಲದ ಮಾನಾಕ್ಸೈಡ್, ಪೂರ್ತಿ ಸುಡದ ಪೆಟ್ರೋಲಿನ ಆವಿ, ಮತ್ತು ಸಾರಜನಕದ ಆಕ್ಸೈಡುಗಳು. ಬಿಸಿಯಾದ ಲೇಪನದ ಮೇಲೆ ಹಾದುಹೋಗುವಾಗ ಇವು ಇಂಗಾಲಾಮ್ಲ, ನೀರಿನ ಆವಿ ಮತ್ತು ಸಾರಜನಕಗಳಾಗಿ ಮಾರ್ಪಡುತ್ತವೆ. ಲೇಪನ ಮಾತ್ರ ಖರ್ಚಾಗುವುದಿಲ್ಲ. ಹಾಲಿಗೆ ಹಾಕಿದ ಹೆಪ್ಪಿನಂತೆ ತಾನು ನಿಮಿತ್ತವಾಗಿ ನಿಂತು ಕೆಲಸ ಮಾಡಿಸುತ್ತದೆ. ಸುಮಾರು 250ರಿಂದ 300 ಡಿಗ್ರಿ ಸೆಂಟಿಗ್ರೇಡ್ ಬಿಸಿಯಾದ ಮೇಲೆಯೇ ಈ ಕೆಲಸ ಆರಂಭವಾಗುತ್ತದೆ. ಕೆಲವು ಕಾರುಗಳಲ್ಲಿ ಇಂಥ ಡಬ್ಬಿಗಳು ಎರಡು ಇರುತ್ತವೆ: ಎಂಜಿನ್ನಿಗೆ ಒತ್ತಿಕೊಂಡು ಒಂದು, ನೆಲದಡಿಯ ಪೈಪಿನಲ್ಲಿ ಇನ್ನೊಂದು.

ನಮ್ಮ ದೇಶದಲ್ಲಿ ಇದು ಕಡ್ಡಾಯವಾದದ್ದು 1995ರ ಏಪ್ರಿಲಿನಲ್ಲಿ, ಮೊದಲಿಗೆ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ. ಸೀಸ ಬೆರೆತ ಪೆಟ್ರೋಲು ಲೇಪನವನ್ನು ಮುಚ್ಚಿ ಹಾಳುಮಾಡುವುದರಿಂದ ಸೀಸವಿಲ್ಲದ ಪೆಟ್ರೋಲೂ ಅದರೊಂದಿಗೇ ಬಂತು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಅದೇ ಜಾರಿಯಾಯಿತು. 2020ರ ಏಪ್ರಿಲಿನಿಂದ ಭಾರತ್ ಸ್ಟೇಜ್ 6 ನಿಯಮ ಬಂದು ಬಿಗಿ ಇನ್ನಷ್ಟು ಹೆಚ್ಚಿದೆ.

ತೆಗೆಸಿ ಬರೀ ಪೈಪು ಹಾಕಿಸಬಹುದೇ ಎಂಬ ಪ್ರಶ್ನೆಗೆ ನಮ್ಮ ಉತ್ತರ, ಕೂಡದು. ಹೊಗೆ ತಪಾಸಣೆಯಲ್ಲಿ ವಾಹನ ತೇರ್ಗಡೆಯಾಗುವುದು ಕಷ್ಟ. ಮಾಲಿನ್ಯದ ಮಿತಿ ಮೀರಿದ ವಾಹನಕ್ಕೆ ವಿಧಿಸಬಹುದಾದ ದಂಡವನ್ನು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ 10,000 ರೂಪಾಯಿಗೆ ಏರಿಸಿತು. ಹಿಂದಿನ ಸೆನ್ಸರ್ ಇರುವ ಕಾರುಗಳಲ್ಲಿ ಎಂಜಿನ್ ದೀಪ ಸದಾ ಉರಿಯುತ್ತಲೇ ಇರುವುದರಿಂದ ಮುಂದೆ ನಿಜವಾದ ದೋಷ ಬಂದರೂ ಗೊತ್ತಾಗುವುದಿಲ್ಲ. ಮೇಲಾಗಿ ಆ ಹೊಗೆಯನ್ನು ಕುಡಿಯುವವರು ನಮ್ಮ ಮನೆಯವರೇ, ನಮ್ಮ ಆಳುಗಳೇ.

ಕೆಟ್ಟಿದೆಯೆಂದು ತಿಳಿಯುವುದು ಹೇಗೆ?

ಗ್ಯಾರೇಜಿನವರ ಮಾತನ್ನು ಒಪ್ಪುವ ಮುಂಚೆ ಕೆಲವು ಪರೀಕ್ಷೆಗಳನ್ನು ನೀವೇ ಮಾಡಬಹುದು.

1. ಎಂಜಿನ್ ತಣ್ಣಗಿರುವಾಗ ಡಬ್ಬಿಯನ್ನು ರಬ್ಬರ್ ಸುತ್ತಿಗೆಯಿಂದಲೋ ಕೈಮುಷ್ಟಿಯಿಂದಲೋ ಮೆಲ್ಲಗೆ ತಟ್ಟಿ. ಒಳಗೆ ಒಣ ಅಡಿಕೆ ಅಲ್ಲಾಡಿಸಿದಂತೆ ಸದ್ದು ಬಂದರೆ ಇಟ್ಟಿಗೆ ಒಡೆದಿದೆ.

2. ಘಾಟಿ ಏರುವಾಗ ಉಸಿರುಕಟ್ಟಿದಂತೆ ವಾಹನ ಎಳೆಯದಿದ್ದರೆ, ಆಕ್ಸಿಲೇಟರ್ ಒತ್ತಿದಷ್ಟೂ ಸೋಲುತ್ತಿದ್ದರೆ, ದಾರಿ ಕಟ್ಟಿರುವ ಸಂಭವ ಉಂಟು. ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಒತ್ತಡದ ಮೀಟರ್ ಜೋಡಿಸಿ ನೋಡಿದರೆ ಖಚಿತವಾಗುತ್ತದೆ. ಎಂಜಿನ್ 2,500 ಸುತ್ತು ತಿರುಗುವಾಗ ಒತ್ತಡ ಚದರ ಇಂಚಿಗೆ ಸುಮಾರು 3 ಪೌಂಡು ಮೀರಿದರೆ ಕೊಳವೆ ಕಟ್ಟಿದೆಯೆಂದೇ ಅರ್ಥ.

3. ಎಂಜಿನ್ ದೀಪ ಉರಿದು, ಸ್ಕ್ಯಾನರಿನಲ್ಲಿ ಪಿ 0420 ಎಂಬ ಸಂಖ್ಯೆ ಬಂದರೆ ಕನ್ವರ್ಟರಿನ ಶಕ್ತಿ ಕುಂದಿದೆ ಎಂಬ ಸೂಚನೆ. ಆದರೆ ಇದು ಸೂಚನೆ ಮಾತ್ರ, ತೀರ್ಪಲ್ಲ. ಸೆನ್ಸರಿನ ಬಳಿ ಪೈಪು ಸೀಳಿದ್ದರೂ, ಸೆನ್ಸರೇ ಮುದಿಯಾಗಿದ್ದರೂ ಇದೇ ಸಂಖ್ಯೆ ಬರಬಹುದು. ಒಂದು ಸಣ್ಣ ಸೋರಿಕೆಯನ್ನು ವೆಲ್ಡಿಂಗ್ ಮಾಡಿಸಿದರೆ ಮುಗಿಯುವ ಕೆಲಸಕ್ಕೆ ಇಡೀ ಕನ್ವರ್ಟರ್ ಬದಲಾಯಿಸುವುದು ವ್ಯರ್ಥ ಖರ್ಚು.

ವಾಹನ ತೀರ ಹಳೆಯದಲ್ಲದಿದ್ದರೆ ಅದರ ಸರ್ವಿಸ್ ಪುಸ್ತಕದಲ್ಲಿ ಎಮಿಷನ್ ವಾರಂಟಿಯ ಪುಟವನ್ನು ಓದಿ. ಕನ್ವರ್ಟರಿಗೆ ಪ್ರತ್ಯೇಕ ಅವಧಿಯ ವಾರಂಟಿ ಇರುವುದುಂಟು.

ಕೆಡಿಸಿದ್ದು ಯಾವುದು?

ಇದು ಅತಿ ಮುಖ್ಯವಾದ ಭಾಗ. ಎಂಜಿನ್ನಿನ ಒಂದು ಸಿಲಿಂಡರು ಸರಿಯಾಗಿ ಸುಡದಿದ್ದರೆ ಹಸಿ ಪೆಟ್ರೋಲು ನೇರವಾಗಿ ಕನ್ವರ್ಟರಿಗೆ ಹೋಗಿ ಅಲ್ಲಿ ಹೊತ್ತಿಕೊಳ್ಳುತ್ತದೆ. ಡಬ್ಬಿ ಕೆಂಪಗೆ ಕಾಯುತ್ತದೆ, ಇಟ್ಟಿಗೆ ಕರಗಿ ರಂಧ್ರಗಳು ಮುಚ್ಚಿಹೋಗುತ್ತವೆ. ಸವೆದ ಸ್ಪಾರ್ಕ್ ಪ್ಲಗ್ಗು, ಕೆಟ್ಟ ಕಾಯಿಲು, ಸೋರುವ ಇಂಜೆಕ್ಟರ್ ಸಾಮಾನ್ಯ ಕಾರಣಗಳು. ನಮ್ಮ ಕಡೆ ಇವುಗಳ ಜೊತೆ ಇಲಿಯನ್ನೂ ಸೇರಿಸಬೇಕು. ಅಡಿಕೆ, ಭತ್ತ ಇಟ್ಟ ಕೊಟ್ಟಿಗೆಯಲ್ಲೇ ವಾಹನ ನಿಲ್ಲಿಸುವುದರಿಂದ ಇಲಿಗಳು ಬಾನೆಟ್ಟಿನ ಒಳಗೆ ಸೇರಿ ವೈರು ಕಡಿಯುತ್ತವೆ. ವಾಹನ ಕುಕ್ಕುತ್ತಾ ಓಡಿದರೂ "ಹೇಗೋ ಓಡುತ್ತದಲ್ಲ" ಎಂದು ಒಂದು ವಾರ ಓಡಿಸಿದರೆ ಸಾಕು, ನೂರಾರು ರೂಪಾಯಿಯ ರಿಪೇರಿ ಹಲವು ಸಾವಿರಕ್ಕೆ ಏರುತ್ತದೆ.

ಎರಡನೆಯದು, ಇಳಿಜಾರಿನಲ್ಲಿ ಉರುಳಿಸಿ ಸ್ಟಾರ್ಟ್ ಮಾಡುವ ನಮ್ಮ ಮಲೆನಾಡಿನ ಹಳೆಯ ರೂಢಿ. ಹಳೆಯ ಡೀಸೆಲ್ ಜೀಪಿಗೆ ಇದರಿಂದ ಬಾಧಕವಿರಲಿಲ್ಲ. ಆದರೆ ಕನ್ವರ್ಟರ್ ಇರುವ ಪೆಟ್ರೋಲ್ ಗಾಡಿಯನ್ನು ಹೀಗೆ ಪದೇ ಪದೇ ಎಬ್ಬಿಸಿದರೆ ಸುಡದ ಪೆಟ್ರೋಲು ಡಬ್ಬಿ ಸೇರುತ್ತದೆ. ಬ್ಯಾಟರಿ ದುರ್ಬಲವಾಗಿದ್ದರೆ ಬ್ಯಾಟರಿ ಬದಲಾಯಿಸುವುದೇ ಲಾಭ.

ಮೂರನೆಯದು, ಎಂಜಿನ್ ಆಯಿಲ್ ಕುಡಿಯುವುದು. ಸವೆದ ಪಿಸ್ಟನ್ ರಿಂಗು, ವಾಲ್ವ್ ಸೀಲುಗಳಿಂದ ಇಳಿದ ಆಯಿಲಿನಲ್ಲಿರುವ ರಂಜಕ ಲೇಪನದ ಮೇಲೆ ಕೂತು ಅದನ್ನು ಮಂಕಾಗಿಸುತ್ತದೆ. ಕೂಲೆಂಟ್ ಒಳಗೆ ಸೋರಿದರೂ ಹಾಗೆಯೇ. ಸೀಮೆಎಣ್ಣೆ ಬೆರೆತ ಪೆಟ್ರೋಲಿನ ಹಾನಿಯೂ ಇದೇ ತರಹದ್ದು. ನಾಲ್ಕನೆಯದು, ತೋಟದ ರಸ್ತೆಯ ಬಂಡೆಗಲ್ಲು. ತಳಕ್ಕೆ ಕಲ್ಲು ಹೊಡೆದು ಇಟ್ಟಿಗೆ ಒಡೆದರೆ ಚೂರುಗಳು ಮುಂದೆ ಸರಿದು ಸೈಲೆನ್ಸರನ್ನೂ ಕಟ್ಟುತ್ತವೆ. ಈ ನಾಲ್ಕರಲ್ಲಿ ಯಾವುದೆಂದು ಗೊತ್ತಾಗಿ ಅದು ರಿಪೇರಿಯಾದ ನಂತರವೇ ಹೊಸ ಕನ್ವರ್ಟರಿಗೆ ಹಣ ಕೊಡಿ.

ಬೋಲ್ಟು ಕಚ್ಚಿಕೊಳ್ಳುವುದೇಕೆ?

ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಇಮ್ಮಡಿಗೂ ಹೆಚ್ಚು ಜಾಗ ಹಿಡಿಯುತ್ತದೆ. ನಟ್ಟಿಗೂ ಬೋಲ್ಟಿಗೂ ನಡುವೆ ಇರುವ ಸಂದಿಯಲ್ಲಿ ಈ ತುಕ್ಕು ಬೆಣೆ ಹೊಡೆದಂತೆ ಕೂತುಬಿಡುತ್ತದೆ. ಸೈಲೆನ್ಸರಿನ ಬೋಲ್ಟು ದಿನಕ್ಕೆ ಹಲವು ಬಾರಿ ಕಾದು ತಣಿಯುವುದರಿಂದ ಬೇರೆ ಬೋಲ್ಟುಗಳಿಗಿಂತ ಬೇಗ ಕಚ್ಚುತ್ತದೆ. ನಾಲ್ಕು ತಿಂಗಳ ಮಳೆ, ಕೆಸರು ಸಾಲದೆಂಬಂತೆ ನಮ್ಮ ವಾಹನಗಳಿಗೆ ಪೊಟ್ಯಾಷ್ ಗೊಬ್ಬರದ ಪುಡಿ, ಬೋರ್ಡೋ ದ್ರಾವಣಕ್ಕೆ ತರುವ ಮೈಲುತುತ್ತದ ನೀರು ಬೇರೆ ತಗಲುತ್ತವೆ. ಇವೆರಡೂ ಕಬ್ಬಿಣಕ್ಕೆ ಶತ್ರುಗಳು. ಔಷಧಿ ಹೊಡೆಯುವ ಕಾಲ ಮುಗಿದ ಮೇಲೆ ಗಾಡಿಯ ತಳವನ್ನು ಒಳ್ಳೆಯ ನೀರಿನಿಂದ ತೊಳೆಯುವುದು ಲೇಸು. ಆದರೆ ಸೈಲೆನ್ಸರ್ ಪೂರ್ತಿ ತಣಿದ ಮೇಲೆ ಮಾತ್ರ.

ಬಿಡಿಸುವ ಕ್ರಮ

ಮೊದಲು ಸುರಕ್ಷತೆ. ಗಟ್ಟಿಯಾದ, ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಡಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ನುಗ್ಗಬಾರದು. ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಟ್ಟು, ಗಾಡಿಯನ್ನು ಅಲ್ಲಾಡಿಸಿ ನೋಡಿ, ಆಮೇಲೆ ಒಳಗೆ ಹೋಗತಕ್ಕದ್ದು. ಮಳೆಗೆ ನೆನೆದ ಮಣ್ಣಿನಲ್ಲಿ ಜಾಕು ಇಳಿಯುವುದರಿಂದ ಅಡಿಗೆ ದಪ್ಪ ಹಲಗೆ ಬೇಕು. ಕಾಫಿ ಕಣ ಸಮತಟ್ಟಾಗಿದೆಯೆಂದು ಅಲ್ಲಿ ಕೆಲಸ ಮಾಡಬೇಡಿ; ಚೆಲ್ಲಿದ ಎಣ್ಣೆಯ ವಾಸನೆಯನ್ನು ಕಾಫಿ ಹೀರಿಕೊಂಡೀತು. ಕಣ್ಣಿಗೆ ಕನ್ನಡಕ ಕಡ್ಡಾಯ, ಏಕೆಂದರೆ ಮಲಗಿ ಕೆಲಸ ಮಾಡುವಾಗ ಉದುರುವ ತುಕ್ಕು ನೇರ ಕಣ್ಣಿಗೇ ಬೀಳುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ.

ಮೊದಲ ಹಂತ, ಎಣ್ಣೆ. ತಂತಿ ಬ್ರಷ್ಷಿನಿಂದ ಬೋಲ್ಟಿನ ಹೊರಬಂದ ಸುತ್ತುಗಳನ್ನು ಉಜ್ಜಿ ತುಕ್ಕಿನ ಪೊರೆ ತೆಗೆಯಿರಿ. ಉಜ್ಜದೆ ಎಣ್ಣೆ ಹಾಕಿದರೆ ಮೇಲೆಯೇ ನಿಲ್ಲುತ್ತದೆ. ಅಂಗಡಿಯಲ್ಲಿ ಸಿಗುವ ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ದಿನ ಸಂಜೆಯೇ ಹಾಕಿ, ರಾತ್ರಿ ಇನ್ನೊಮ್ಮೆ, ಬೆಳಿಗ್ಗೆ ಇನ್ನೊಮ್ಮೆ ಹಾಕಿ. ಪ್ರತಿ ಸಾರಿಯೂ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನಾಲ್ಕಾರು ಚಿಕ್ಕ ಪೆಟ್ಟು ಕೊಟ್ಟರೆ ಆ ಕಂಪನಕ್ಕೆ ಎಣ್ಣೆ ಒಳಗಿಳಿಯುತ್ತದೆ. ಅರ್ಧ ಗಂಟೆಯಲ್ಲಿ ಬಿಡದ ಬೋಲ್ಟು ಒಂದು ರಾತ್ರಿಯಲ್ಲಿ ಬಿಡುವುದು ಅಪರೂಪವಲ್ಲ.

ಎರಡನೆಯ ಹಂತ, ಸರಿಯಾದ ಪಾನಾ. ಓಪನ್ ಸ್ಪ್ಯಾನರನ್ನು ಮುಟ್ಟಲೇಬೇಡಿ. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ಕೂಡ ತುಕ್ಕು ತಿಂದ ತಲೆಯನ್ನು ದುಂಡಗೆ ಮಾಡಿಬಿಡುತ್ತದೆ. ಆರು ಮೂಲೆಯ ಸಾಕೆಟ್ಟನ್ನು ಸುತ್ತಿಗೆಯಿಂದ ತಟ್ಟಿ ಬಿಗಿಯಾಗಿ ಕೂರಿಸಿ. ಮೊದಲು ಒಂದಿಷ್ಟು ಬಿಗಿಯುವ ಕಡೆಗೆ ಒತ್ತಿ, ಆಮೇಲೆ ಬಿಚ್ಚುವ ಕಡೆಗೆ. ತುಸು ಅಲುಗಿದರೆ ಗೆದ್ದೆವೆಂದು ಒಂದೇ ಉಸಿರಿಗೆ ತಿರುಗಿಸಬಾರದು. ಕಾಲು ಸುತ್ತು ಬಿಚ್ಚಿ, ಅರ್ಧದಷ್ಟು ಹಿಂದಕ್ಕೆ ತಿರುಗಿಸಿ, ಎಣ್ಣೆ ಹಾಕಿ, ಮತ್ತೆ ಬಿಚ್ಚಬೇಕು. ಬಿಡಿಸಿಕೊಂಡ ತುಕ್ಕಿನ ಪುಡಿ ಸುತ್ತುಗಳಲ್ಲಿ ಸಿಕ್ಕಿಕೊಂಡು ಬೋಲ್ಟು ಮುರಿಯುವುದು ಈ ಅವಸರದಲ್ಲಿಯೇ.

ಮೂರನೆಯ ಹಂತ, ಬೆಂಕಿ. ಎಣ್ಣೆಗೆ ಜಗ್ಗದ ನಟ್ಟಿಗೆ ಇದೇ ಮದ್ದು. ಕಾಯಿಸಬೇಕಾದದ್ದು ನಟ್ಟನ್ನು, ಬೋಲ್ಟನ್ನಲ್ಲ. 10 ಮಿಲಿಮೀಟರ್ ತೂತಿನ ಉಕ್ಕಿನ ನಟ್ಟು 500 ಡಿಗ್ರಿ ಹೆಚ್ಚು ಕಾದರೆ ಅದರ ತೂತು 0.06 ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಕೂದಲೆಳೆಯಷ್ಟೇ ಆದರೂ ತುಕ್ಕಿನ ಹಿಡಿತ ಒಡೆಯಲು ಅದು ಸಾಕು. ನಟ್ಟು ಮಂಕಾದ ಕೆಂಪು ಬಣ್ಣಕ್ಕೆ ಬಂದಾಗ ಪಾನಾ ಹಾಕಿ ತಿರುಗಿಸಿ. ಆಗಲೂ ಬಿಡದಿದ್ದರೆ ಕೆಂಪು ಆರಿದ ಮೇಲೆ ಮೇಣದ ಬತ್ತಿಯನ್ನು ನಟ್ಟಿನ ಬುಡಕ್ಕೆ ಮುಟ್ಟಿಸಿ. ಕರಗಿದ ಮೇಣ ಸಂದಿಯೊಳಕ್ಕೆ ಹರಿಯುತ್ತದೆ. ಎರಡು ಮೂರು ಬಾರಿ ಹೀಗೆ ಕಾಯಿಸಿ ತಣಿಸಿದರೆ ಬಹುತೇಕ ಬೋಲ್ಟುಗಳು ಶರಣಾಗುತ್ತವೆ.

ಬೆಂಕಿಯ ಕೆಲಸವನ್ನು ಗ್ಯಾಸ್ ಕಟ್ಟರ್ ಬಳಸಿ ರೂಢಿಯಿರುವ ವೆಲ್ಡರ್ ಕೈಯಲ್ಲಿ ಮಾಡಿಸುವುದೇ ಕ್ಷೇಮ. ಪೆಟ್ರೋಲ್ ಟ್ಯಾಂಕು, ಪೆಟ್ರೋಲ್ ಪೈಪು, ಬ್ರೇಕ್ ಪೈಪು, ಸೆನ್ಸರಿನ ವೈರು, ಸೈಲೆನ್ಸರನ್ನು ತೂಗುಹಾಕಿದ ರಬ್ಬರುಗಳ ಹತ್ತಿರ ಜ್ವಾಲೆ ಸುಳಿಯಬಾರದು. ಹಾಕಿದ ಎಣ್ಣೆಯನ್ನು ಮೊದಲು ಒರೆಸಿ. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದ ಜಾಗವನ್ನು ಎಂದಿಗೂ ಕಾಯಿಸಬೇಡಿ, ಅಂಥ ಕೆಲವು ಸ್ಪ್ರೇಗಳಲ್ಲಿನ ಕ್ಲೋರಿನ್ ಬೆರೆತ ದ್ರಾವಕ ಬಿಸಿಗೆ ಮಾರಕ ವಿಷಾನಿಲವಾಗುತ್ತದೆ. ಪಕ್ಕದಲ್ಲಿ ಒಂದು ಬಕೆಟ್ ಮರಳು, ಬೆಂಕಿ ಆರಿಸುವ ಸಿಲಿಂಡರು ಇರಲಿ.

ಆಕ್ಸಿಜನ್ ಸೆನ್ಸರನ್ನು ಹೊಸ ಕನ್ವರ್ಟರಿಗೆ ವರ್ಗಾಯಿಸಬೇಕಾಗುತ್ತದೆ. ಅದಕ್ಕೆ ಸಾಮಾನ್ಯವಾಗಿ 22ರ ಪಾನಾ ಬೇಕು. ವೈರು ಹಾದುಹೋಗಲು ಸೀಳಿರುವ ಸಾಕೆಟ್ಟು ಸಿಗುತ್ತದೆ. ಸೈಲೆನ್ಸರ್ ಉಗುರು ಬೆಚ್ಚಗಿಂತ ಸ್ವಲ್ಪ ಹೆಚ್ಚು ಬಿಸಿಯಿರುವಾಗ ಕೈಗವಸು ಹಾಕಿಕೊಂಡು ಬಿಚ್ಚಿದರೆ ಸುಲಭ. ಅದಕ್ಕೆ ಸುತ್ತಿಗೆ ತಾಗಿಸಬಾರದು.

ಬೋಲ್ಟು ಮುರಿದರೆ

ಹೊರಗಿನಿಂದ ನಟ್ಟು ಹಾಕಿದ ಬೋಲ್ಟಾದರೆ ಚಿಂತೆ ಬೇಡ. ನಟ್ಟನ್ನು ಉಳಿಯಿಂದ ಸೀಳಿ ಅಥವಾ ಗ್ರೈಂಡರಿನಿಂದ ಕತ್ತರಿಸಿ ಹೊಸ ಬೋಲ್ಟು ಹಾಕಿದರಾಯಿತು. ಅಲ್ಪ ಬೆಲೆಯ ಬೋಲ್ಟನ್ನು ಉಳಿಸಲು ಅರ್ಧ ದಿನ ಕಳೆಯುವುದರಲ್ಲಿ ಅರ್ಥವಿಲ್ಲ. ಕಷ್ಟವಾಗುವುದು ಎಂಜಿನ್ನಿನ ಕಡೆಯ ಲೋಹಕ್ಕೆ ನೆಟ್ಟಿರುವ ಸ್ಟಡ್ಡು ಮುರಿದಾಗ. ತುಂಡು ಹೊರಗೆ ಚಾಚಿದ್ದರೆ ಅದರ ಮೇಲೆ ಒಂದು ನಟ್ಟನ್ನು ಇಟ್ಟು ನಟ್ಟಿನ ತೂತಿನೊಳಗಿಂದ ವೆಲ್ಡಿಂಗ್ ಮಾಡಿಸಿ, ಕೆಂಪು ಆರಿದ ಮೇಲೆ ತಿರುಗಿಸಿ. ವೆಲ್ಡಿಂಗಿನ ಬಿಸಿಯೇ ತುಕ್ಕನ್ನು ಸಡಿಲಿಸಿರುತ್ತದೆ. ಮಟ್ಟಕ್ಕೆ ಮುರಿದಿದ್ದರೆ ಸರಿಯಾಗಿ ನಡುವೆ ಪಂಚ್ ಹೊಡೆದು, ಸಣ್ಣ ಡ್ರಿಲ್ಲಿನಿಂದ ಆರಂಭಿಸಿ ದೊಡ್ಡದಕ್ಕೆ ಹೋಗಿ, ಕೊನೆಗೆ ಟ್ಯಾಪು ಹಾಕಬೇಕು. ಎಡಸುತ್ತಿನ ಈಸಿ ಔಟ್ ಎಂಬ ಉಪಕರಣವನ್ನು ಬಲವಂತವಾಗಿ ತಿರುಗಿಸಿ ಒಳಗೇ ಮುರಿದರೆ ಆಮೇಲೆ ಸಾಮಾನ್ಯ ಡ್ರಿಲ್ಲು ಅದನ್ನು ಕೊರೆಯಲಾರದು. ಅಷ್ಟು ಗಟ್ಟಿ ಉಕ್ಕು ಅದು. ಈ ಹಂತಕ್ಕೆ ಬಂದರೆ ಲೇತ್ ಇರುವ ಕಾರ್ಯಾಗಾರಕ್ಕೆ ಒಯ್ಯುವುದೇ ವಿವೇಕ.

ಹೊಸದನ್ನು ಕೂರಿಸುವಾಗ

ನಿಮ್ಮ ಗಾಡಿಯ ಮಾದರಿಗೂ ಅದರ ಭಾರತ್ ಸ್ಟೇಜ್ ಮಟ್ಟಕ್ಕೂ ಹೊಂದುವ ಕನ್ವರ್ಟರನ್ನೇ ಬಿಲ್ಲಿನೊಂದಿಗೆ ಕೊಳ್ಳಿ. ತೀರ ಅಗ್ಗದ್ದರಲ್ಲಿ ಲೇಪನದ ಲೋಹ ತೀರ ಕಡಿಮೆಯಿದ್ದು, ಕೆಲವೇ ತಿಂಗಳಲ್ಲಿ ದೀಪ ಮತ್ತೆ ಉರಿದೀತು. ಡಬ್ಬಿಯ ಮೇಲೆ ಬಾಣದ ಗುರುತಿದ್ದರೆ ಅದು ಹೊಗೆ ಹೋಗುವ ದಿಕ್ಕಿಗೆ ಇರಬೇಕು. ಪ್ಯಾಕಿಂಗು, ಬೋಲ್ಟು, ನಟ್ಟು, ಸ್ಪ್ರಿಂಗು ಎಲ್ಲವೂ ಹೊಸದಿರಲಿ. ಕನ್ವರ್ಟರಿಗಿಂತ ಮುಂಚಿನ ಜೋಡಣೆಗಳಿಗೆ ಸೈಲೆನ್ಸರ್ ಪೇಸ್ಟ್ ಬಳಿಯಬಾರದು. ಒಣಗಿದ ಚಕ್ಕೆ ಎದ್ದು ಹೊಸ ಇಟ್ಟಿಗೆಯ ರಂಧ್ರಗಳನ್ನು ಕಟ್ಟುತ್ತದೆ. ಸಿಲಿಕೋನ್ ಗಮ್ಮು ಸೆನ್ಸರನ್ನೇ ಕೆಡಿಸುತ್ತದೆ.

ಬೋಲ್ಟಿನ ಸುತ್ತುಗಳಿಗೆ ತಾಮ್ರದ ಅಥವಾ ನಿಕಲ್ಲಿನ ಪುಡಿ ಬೆರೆತ ಆಂಟಿ ಸೀಜ್ ಎಂಬ ಲೇಪವನ್ನು ತೆಳ್ಳಗೆ ಸವರಿ. ಸಾಮಾನ್ಯ ಗ್ರೀಸು ಈ ಬಿಸಿಗೆ ಸುಟ್ಟು ಕರಿಯಾಗುತ್ತದೆ, ಉಪಯೋಗವಿಲ್ಲ. ಸೆನ್ಸರಿನ ಸುತ್ತುಗಳಿಗೂ ಸವರಬಹುದು. ಅದರ ಮೂತಿಗೆ ತಾಗಬಾರದು. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲೇ ಹಿಡಿಸಿ, ಪೈಪು ಎಲ್ಲಿಯೂ ತಾಗದಂತೆ ಹೊಂದಿಸಿ, ಬಳಿಕ ಎಂಜಿನ್ನಿನ ಕಡೆಯಿಂದ ಹಿಂದಕ್ಕೆ ಸಮನಾಗಿ ಬಿಗಿಯುತ್ತಾ ಬನ್ನಿ. ಬ್ಯಾಟರಿ ಜೋಡಿಸಿ ಎಂಜಿನ್ ಸ್ಟಾರ್ಟ್ ಮಾಡಿದಾಗ ಮೊದಲ ಕೆಲವು ನಿಮಿಷ ಹೊಸ ಡಬ್ಬಿಯಿಂದ ಕೊಂಚ ಹೊಗೆ, ವಾಸನೆ ಬರುವುದು ಸಹಜ. ಈ ಪರೀಕ್ಷೆಯನ್ನು ಬಾಗಿಲು ಮುಚ್ಚಿದ ಗೋದಾಮಿನಲ್ಲಿ ಮಾಡಬಾರದು. ಬಣ್ಣ, ವಾಸನೆ ಇಲ್ಲದ ಮಾನಾಕ್ಸೈಡ್ ಗೊತ್ತಾಗದಂತೆ ಪ್ರಾಣ ತೆಗೆಯುತ್ತದೆ. ನಾಲ್ಕಾರು ದಿನ ಓಡಿಸಿದ ಮೇಲೆ, ತಣಿದಿರುವಾಗ ಬೋಲ್ಟುಗಳ ಬಿಗಿಯನ್ನು ಇನ್ನೊಮ್ಮೆ ನೋಡಿ.

ಎರಡು ಎಚ್ಚರಿಕೆಗಳು

ಹಳೆಯ ಕನ್ವರ್ಟರನ್ನು ಗುಜರಿ ಕಬ್ಬಿಣದ ತೂಕಕ್ಕೆ ಬಿಡಬೇಡಿ. ಅದರೊಳಗಿನ ಲೋಹಗಳನ್ನು ಕರಗಿಸಿ ತೆಗೆಯುವ ಉದ್ಯಮವೇ ಇದೆ. ಬದಲಾಯಿಸುವ ಮುಂಚೆಯೇ ಹಳೆಯದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಬೇಕೆಂದು ಮಾತಾಡಿಕೊಳ್ಳಿ, ಇಲ್ಲವೇ ಮನೆಗೆ ತಂದು ಎರಡು ಮೂರು ಕಡೆ ವಿಚಾರಿಸಿ. ನೀವೇ ಒಡೆಯಲು ಹೋಗಬೇಡಿ, ಒಳಗಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಇನ್ನೊಂದು ಎಚ್ಚರಿಕೆ ತೋಟಕ್ಕೆ ಸಂಬಂಧಿಸಿದ್ದು. ಓಡಿ ಬಂದ ಗಾಡಿಯ ಕನ್ವರ್ಟರ್ ಒಣ ಎಲೆ ಹೊತ್ತಿಸುವಷ್ಟು ಬಿಸಿಯಿರುತ್ತದೆ. ಜನವರಿಯಿಂದ ಮಳೆ ಬೀಳುವವರೆಗೆ ಸಿಲ್ವರ್ ಓಕ್ ದರಗು, ಒಣ ಹುಲ್ಲು, ಅಡಿಕೆ ಸಿಪ್ಪೆಯ ರಾಶಿಗಳ ಮೇಲೆ ಗಾಡಿ ನಿಲ್ಲಿಸಬೇಡಿ. ಕುಕ್ಕುತ್ತಾ ಓಡಿದ ಗಾಡಿಯಾದರೆ ಅಪಾಯ ಇನ್ನೂ ಹೆಚ್ಚು. ಮನೆಯ ಅಂಗಳದಲ್ಲೂ ತೋಟದ ಒಳಗೂ ದರಗು ಗುಡಿಸಿದ ಒಂದೊಂದು ಜಾಗವನ್ನು ಗಾಡಿಗೆಂದೇ ಗೊತ್ತುಮಾಡಿ, ಓಡಿಸುವವರಿಗೆಲ್ಲ ತಿಳಿಸಿಡಿ. ವರ್ಷಗಟ್ಟಲೆ ಬೆಳೆಸಿದ ಗಿಡ, ನೆರಳಿನ ಮರಗಳನ್ನು ಹತ್ತು ನಿಮಿಷದ ನಿರ್ಲಕ್ಷ್ಯಕ್ಕೆ ಬಲಿಕೊಡಬಾರದು.

ಮಳೆ ಬಿಟ್ಟು ಕೊಯ್ಲು ಆರಂಭವಾಗುವ ಮಧ್ಯದ ಬಿಡುವಿನಲ್ಲಿ ಒಮ್ಮೆ ಗಾಡಿಯ ತಳವನ್ನು ಪರೀಕ್ಷಿಸಿ, ಬೋಲ್ಟುಗಳಿಗೆ ಎಣ್ಣೆ ತೋರಿಸಿ, ಇಲಿ ಕಡಿದ ವೈರು ಇದ್ದರೆ ಸರಿಪಡಿಸಿಕೊಳ್ಳಬೇಕೆಂದು ಸದಸ್ಯರಲ್ಲಿ ಕೋರುತ್ತೇವೆ.

— ಕಾರ್ಯದರ್ಶಿ